ಬಿಲ್ ಕಟ್ಟುವವರು ಒಬ್ಬರು, ನೋವು ಇನ್ನೊಬ್ಬರದು

ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ರೋಗಿಗಳ ದೂರು ಕೇಳಿಸಿಕೊಳ್ಳುವುದು ನನ್ನ ಕೆಲಸ. ಮೊದಲು ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ರಿಸೆಪ್ಷನ್ ಪಕ್ಕದ ಸಣ್ಣ ಕೋಣೆಯಲ್ಲಿ ಕೂರುತ್ತೇನೆ. ಬಿಲ್ ಜಾಸ್ತಿ ಆಯ್ತು ಅನ್ನುವವರು, ಡಾಕ್ಟರು ಮುಖ ಕೊಟ್ಟು ಮಾತಾಡಲಿಲ್ಲ ಅನ್ನುವವರು, ರಿಪೋರ್ಟ್ ಅದಲುಬದಲಾಗಿದೆ ಅನ್ನುವವರು, ಎಲ್ಲರೂ ಇಲ್ಲಿಗೇ ಬರುತ್ತಾರೆ. ಅವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಕೂಗಾಡಿದರೂ ಪರವಾಗಿಲ್ಲ, ಅವರಿಗೆ ಕೇಳುವ ಧೈರ್ಯ ಇದೆ. ನಾನು ತಲೆ ಕೆಡಿಸಿಕೊಳ್ಳುವುದು ಈ ಕೋಣೆಯ ತನಕ ಬರಲಾಗದವರ ಬಗ್ಗೆ.

ಮರೆವಿನ ಕಾಯಿಲೆ ಇರುವ ಅಜ್ಜ. ಇನ್ನೂ ಮಾತು ಬರದ ಮಗು. ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಹುಡುಗ, ಅವನ ಬದಲು ಸದಾ ಬೇರೆಯವರೇ ಉತ್ತರ ಹೇಳುತ್ತಾರೆ. ಗಂಡ ಪಕ್ಕದಲ್ಲಿದ್ದರೆ ತಲೆ ಎತ್ತದ ಹೆಂಗಸು. ಡಾಕ್ಟರ ಭಾಷೆ ಗೊತ್ತಿಲ್ಲದ ಕೂಲಿಯಾಳು. ಇವರೆಲ್ಲ ಥಟ್ಟನೆ ಹೊಳೆಯುವವರು. ಆದರೆ ಗಟ್ಟಿಮುಟ್ಟಾದ ನಲವತ್ತರ ಗಂಡಸು ಕೂಡ ಎಂಡೋಸ್ಕೋಪಿಗೆ ಅಂತ ಮಂಪರಿನ ಇಂಜೆಕ್ಷನ್ ತೆಗೆದುಕೊಂಡು ಮಲಗಿದಾಗ ಅಷ್ಟೇ ಅಸಹಾಯಕ. ತನ್ನ ಮೈಮೇಲೆ ಯಾರ ಕೈ ಇದೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ಕೆಟ್ಟ ಸುದ್ದಿ ಕೇಳಿದ ಮರುಕ್ಷಣ ಯಾರಾದರೂ ಹಾಗೇ ಆಗುತ್ತಾರೆ. ಎದುರಿಗೆ ಇಟ್ಟ ಕಾಗದಕ್ಕೆಲ್ಲ ಸಹಿ ಹಾಕುತ್ತಾರೆ. ಹಾಗಾಗಿ ಫೈಲ್ ಮೇಲೆ ಒಂದು ಕೆಂಪು ಚೀಟಿ ಅಂಟಿಸಿ ‘ಇವರೊಬ್ಬರನ್ನು ಜೋಪಾನ ಮಾಡಿ’ ಅಂದರೆ ಸಾಲದು. ಇವತ್ತು ನೆಟ್ಟಗಿರುವವರು ನಾಳೆ ಆ ಜಾಗದಲ್ಲಿ ಇರುತ್ತಾರೆ.

ಖಾಸಗಿ ಕ್ಲಿನಿಕ್ಕಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ದುಡ್ಡು ಕೊಡುವವರು ಮತ್ತು ಚಿಕಿತ್ಸೆ ಪಡೆಯುವವರು ಬೇರೆ ಬೇರೆ. ಅಪ್ಪನ ಬಿಲ್ ಮಗ ಕಟ್ಟುತ್ತಾನೆ. ಹೆಂಡತಿಯದು ಗಂಡ. ಕಾರ್ಮಿಕನದು ಕಂಪನಿ. ಮಗುವಿನದು ಹೇಗೂ ದೊಡ್ಡವರದ್ದೇ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು ಅವರು, ಫೋನ್ ನಂಬರ್ ಅವರದ್ದು, ರಿಪೋರ್ಟ್ ಹೋಗುವುದು ಅವರ ಮೊಬೈಲಿಗೆ, ‘ಸೇವೆ ಹೇಗಿತ್ತು?’ ಅನ್ನುವ ಮೆಸೇಜ್ ಹೋಗುವುದೂ ಅವರಿಗೇ. ಕ್ಲಿನಿಕ್ಕಿನ ಕಣ್ಣಿಗೆ ಅವರೇ ಗಿರಾಕಿ. ಗಿರಾಕಿಗೆ ಬೇಜಾರಾಗಬಾರದು ಅನ್ನುವುದು ವ್ಯಾಪಾರದ ಪಾಠ. ಆದರೆ ರೋಗಿಗೆ ತೊಂದರೆ ಕೊಡುತ್ತಿರುವವರೇ ಆ ಗಿರಾಕಿ ಆಗಿದ್ದರೆ?

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಅರವತ್ತು ದಾಟಿದವರಲ್ಲಿ ಸುಮಾರು 6 ಜನರಲ್ಲಿ ಒಬ್ಬರು ವರ್ಷವೊಂದರಲ್ಲಿ ಯಾವುದಾದರೂ ರೀತಿಯ ದೌರ್ಜನ್ಯ ಅನುಭವಿಸುತ್ತಾರೆ. ಹೊಡೆತ, ಬೈಗುಳ, ಹಣ ಕಿತ್ತುಕೊಳ್ಳುವುದು, ನೋಡಿಕೊಳ್ಳದೆ ಬಿಡುವುದು ಎಲ್ಲವೂ ಅದರಲ್ಲಿ ಸೇರಿದೆ. ನಮ್ಮ ಕಾಯುವ ಜಾಗದಲ್ಲಿ ಕೂತಿರುವ ವಯಸ್ಸಾದವರನ್ನು ನೋಡಿದಾಗೆಲ್ಲ ಈ ಲೆಕ್ಕ ನೆನಪಾಗುತ್ತದೆ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಕರೆದುಕೊಂಡು ಬರುತ್ತಿದ್ದದ್ದು ಅವರ ಅಣ್ಣನ ಮಗ. ತುಂಬಾ ಸಭ್ಯ. ಬಿಲ್ ಬಾಕಿ ಇಟ್ಟವನಲ್ಲ. ರಿಸೆಪ್ಷನ್ನಿನ ಹುಡುಗಿಯರಿಗೆಲ್ಲ ಅವನ ಬಗ್ಗೆ ಒಳ್ಳೆಯ ಮಾತು. ಡಾಕ್ಟರು ‘ಹೇಗಿದ್ದೀರಮ್ಮ?’ ಅಂದರೆ ಅಜ್ಜಿ ಬಾಯಿ ತೆರೆಯುವ ಮೊದಲೇ ‘ಚೆನ್ನಾಗಿದ್ದಾರೆ ಡಾಕ್ಟ್ರೇ, ಊಟ ಮಾತ್ರ ಸರಿಯಾಗಿ ಮಾಡಲ್ಲ’ ಅಂತ ಇವನೇ ಹೇಳುತ್ತಿದ್ದ. ತೂಕ ಇಳಿಯುತ್ತಲೇ ಇತ್ತು. ವಯಸ್ಸಾಯಿತಲ್ಲ ಅಂತ ಎಲ್ಲರೂ ಸುಮ್ಮನಾದರು.

ಗಮನಿಸಿದ್ದು ತೂಕ ನೋಡುವ ನಮ್ಮ ನರ್ಸ್. ಇಸಿಜಿಗೆ ಅಂತ ರವಿಕೆ ಸಡಿಲಿಸಿದಾಗ ಎರಡೂ ತೋಳಿನ ಮೇಲ್ಭಾಗದಲ್ಲಿ, ಒಳಗಡೆಗೆ, ಕಂದಿದ ಗುರುತು ಕಂಡಿತು. ಬಿದ್ದರೆ ಮೊಣಕೈ, ಮೊಣಕಾಲು, ಹಣೆ ಹೀಗೆ ಮೂಳೆ ಮೇಲೆದ್ದಿರುವ ಕಡೆ ಪೆಟ್ಟಾಗುವುದು ಜಾಸ್ತಿ. ತೋಳಿನ ಒಳಭಾಗದಲ್ಲಿ, ಅದೂ ಎರಡೂ ಕಡೆ ಒಂದೇ ಥರ ಆಗಿದೆ ಅಂದರೆ ಯಾರೋ ಬಲವಾಗಿ ಹಿಡಿದಿರಬಹುದು. ವಯಸ್ಸಾದವರ ಚರ್ಮ ತೆಳು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸುಮ್ಮನೆ ತಾಗಿದರೂ ಕಂದುತ್ತದೆ, ಅದೂ ನಿಜ. ಅದಕ್ಕೇ ನೋಡಿದ ತಕ್ಷಣ ತೀರ್ಪು ಕೊಡಬಾರದು, ಕೇಳಬೇಕು. ಕೇಳಬೇಕಾದರೆ ಅವರೊಬ್ಬರೇ ಇರಬೇಕು.

ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡಿದ್ದೆವು. ಯಾರೇ ಬರಲಿ, ಪ್ರತಿ ಭೇಟಿಯಲ್ಲೂ ಸ್ವಲ್ಪ ಹೊತ್ತು ರೋಗಿಯನ್ನು ಒಬ್ಬರನ್ನೇ ನೋಡಬೇಕು. ಅನುಮಾನ ಬಂದವರನ್ನು ಮಾತ್ರ ಅಲ್ಲ, ಎಲ್ಲರನ್ನೂ. ಎಲ್ಲರಿಗೂ ಒಂದೇ ನಿಯಮ ಇದ್ದರೆ ಯಾರ ಮೇಲೂ ಬೊಟ್ಟು ಮಾಡಿದಂತಾಗುವುದಿಲ್ಲ. ‘ನೀವು ಸ್ವಲ್ಪ ಹೊರಗೆ ಕೂತಿರಿ ಸರ್, ನಮ್ಮಲ್ಲಿ ಎಲ್ಲರಿಗೂ ಹೀಗೇ’ ಅಂದರೆ ಸಾಕು. ಆ ನರ್ಸ್ ಹಾಗೇ ಹೇಳಿ ಬಾಗಿಲು ಹಾಕಿದರು. ‘ಇದು ಹೇಗಾಯಿತು ಅಜ್ಜಿ?’ ಅಂತ ಅಷ್ಟೇ ಕೇಳಿದರು. ‘ಅವನು ಹೊಡೆದನಾ?’ ಅಂತ ಕೇಳಲಿಲ್ಲ. ಉತ್ತರ ನಾವೇ ಬಾಯಿಗೆ ಹಾಕಬಾರದು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು: ‘ಅವನಿಗೆ ಸಿಟ್ಟು ಜಾಸ್ತಿ ಕಣಮ್ಮ. ಕಾಗದಕ್ಕೆ ಸೈನ್ ಹಾಕು ಅಂತಾನೆ, ನಾನು ಓದಿ ಹಾಕ್ತೀನಿ ಅಂದ್ರೆ ಹಿಡಿದು ಅಲ್ಲಾಡಿಸ್ತಾನೆ. ಯಾರಿಗೂ ಹೇಳಬೇಡ. ಅವನೂ ಇಲ್ಲ ಅಂದ್ರೆ ನನಗ್ಯಾರು?’

ಈ ಕೊನೆಯ ಪ್ರಶ್ನೆಗೆ ಯಾವ ನಿಯಮದ ಪುಸ್ತಕದಲ್ಲೂ ಸುಲಭದ ಉತ್ತರ ಇಲ್ಲ. ಅಜ್ಜಿಗೆ ಬುದ್ಧಿ ಚುರುಕಾಗಿತ್ತು. ತಾನೇನು ಹೇಳುತ್ತಿದ್ದೇನೆ, ಅದರ ಪರಿಣಾಮ ಏನು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಿಳಿವಳಿಕೆ ಇರುವ ದೊಡ್ಡವರು ಬೇಡ ಅಂದರೆ, ನಮಗೆ ಸರಿ ಅನ್ನಿಸಿದ್ದನ್ನು ಅವರ ತಲೆಯ ಮೇಲಿಂದ ಹಾರಿಹೋಗಿ ಮಾಡುವ ಹಕ್ಕು ನಮಗಿಲ್ಲ. ಜೀವಕ್ಕೆ ಅಪಾಯ ಇದ್ದರೆ, ಬೇರೆಯವರಿಗೂ ತೊಂದರೆ ಆಗುವಂತಿದ್ದರೆ, ಕಾನೂನೇ ತಿಳಿಸಬೇಕು ಅಂದರೆ ಆಗ ಮಾತು ಬೇರೆ. ಅವರ ನಿರ್ಧಾರ ಭಯದಿಂದ ಬಂದದ್ದಾ, ನಿಜಕ್ಕೂ ಅವರದ್ದಾ ಅಂತಲೂ ನೋಡಬೇಕು. ಮರೆವಿನ ಕಾಯಿಲೆ ಇರುವವರ ವಿಷಯದಲ್ಲೂ ‘ಇವರಿಗೆ ಏನೂ ತಿಳಿಯಲ್ಲ’ ಅಂತ ಒಂದೇ ಏಟಿಗೆ ತಳ್ಳಿಹಾಕಬಾರದು. ಬ್ಯಾಂಕಿನ ಕಾಗದ ಅರ್ಥವಾಗದ ಒಬ್ಬರಿಗೆ ತಾನು ಯಾರ ಜೊತೆ ಇರಬೇಕು ಅನ್ನುವುದು ಸ್ಪಷ್ಟವಾಗಿ ಗೊತ್ತಿರಬಹುದು. ಒಂದೊಂದು ನಿರ್ಧಾರವನ್ನೂ ಬೇರೆ ಬೇರೆಯಾಗಿ ನೋಡಬೇಕು.

ಹೊಸದಾಗಿ ಸೇರುವ ನರ್ಸ್‌ಗಳಿಗೆ ನಾನು ಮೊದಲು ಹೇಳಿಕೊಡುವುದು ಇಷ್ಟು. ಕೇಳಿಸಿಕೊಳ್ಳುವ ಮೊದಲೇ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ‘ನಿಮ್ಮ ಒಳ್ಳೆಯದಕ್ಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ಹೇಳುವ ಮೊದಲು ನಿಮಗೇ ತಿಳಿಸ್ತೀನಿ’ ಅನ್ನಿ. ಮಾತು ಕೊಟ್ಟು ಮುರಿದರೆ ಅವರು ಇನ್ಯಾವತ್ತೂ ಬಾಯಿ ಬಿಡುವುದಿಲ್ಲ.

ಆ ದಿನ ಡಾಕ್ಟರು ಗುರುತುಗಳ ಅಳತೆ, ಬಣ್ಣ, ಜಾಗ ಎಲ್ಲವನ್ನೂ ದೇಹದ ನಕ್ಷೆಯ ಮೇಲೆ ಬರೆದರು. ಅಜ್ಜಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ದಾಖಲಿಸಿದರು. ‘ದೌರ್ಜನ್ಯದ ಶಂಕೆ’ ಅಂತ ಎರಡು ಪದ ಬರೆದು ಬಿಟ್ಟರೆ ಮುಂದೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಇವತ್ತು ಮನೆಗೆ ಹೋಗೋಕೆ ಭಯ ಆಗುತ್ತಾ?’ ಅಂತ ಕೇಳಿದರು. ಇಲ್ಲ ಅಂದರು. ಪೊಲೀಸ್ ಬೇಡವೇ ಬೇಡ ಅಂದರು. ತಂಗಿಯ ಮಗಳಿಗೆ ಹೇಳಲು ಮಾತ್ರ ಒಪ್ಪಿದರು. ನಮ್ಮ ಫೋನಿನಿಂದಲೇ ಮಾತಾಡಿದರು. ಫೈಲಿನಲ್ಲಿ ಇನ್ನು ಮುಂದೆ ಆ ಹೆಣ್ಣುಮಗಳ ನಂಬರೂ ಇರಲಿ, ರಿಪೋರ್ಟು ತನ್ನ ಕೈಗೇ ಕೊಡಿ ಅಂದರು. ಮುಂದಿನ ಭೇಟಿ ಬೇಗ ಇಟ್ಟೆವು. ಅಷ್ಟರಲ್ಲಿ ಆಕೆ ಬಂದು ಜೊತೆಗೆ ಇರತೊಡಗಿದ್ದರು. ಬ್ಯಾಂಕಿನ ವ್ಯವಹಾರ ಅಜ್ಜಿ ತಾವೇ ನೋಡಿಕೊಳ್ಳಲು ಶುರು ಮಾಡಿದರು. ತೂಕ ಏರತೊಡಗಿತು.

ಈಗ ನಿಜವಾಗಿ ಹೇಳಬೇಕಾದ ಭಾಗ. ಈ ಇಡೀ ಪ್ರಕರಣದಲ್ಲಿ ನಮ್ಮ ದೂರಿನ ಪುಸ್ತಕಕ್ಕೆ ಬಂದದ್ದು ಒಂದೇ ದೂರು. ಅದನ್ನು ಕೊಟ್ಟವನು ಆ ಅಣ್ಣನ ಮಗ. ‘ಮನೆಯವನಾದ ನನ್ನನ್ನು ಹೊರಗೆ ಕೂರಿಸಿ ಅವಮಾನ ಮಾಡಿದ್ದಾರೆ. ಆ ನರ್ಸ್ ಮೇಲೆ ಕ್ರಮ ತೆಗೆದುಕೊಳ್ಳಿ. ಇಲ್ಲದಿದ್ದರೆ ಬೇರೆ ಕಡೆ ಹೋಗುತ್ತೇವೆ.’ ಎರಡು ಪುಟ, ಅಚ್ಚುಕಟ್ಟಾದ ಬರವಣಿಗೆ. ಹೊರಗಿನವರು ಬರೀ ಆ ಪುಸ್ತಕ ಓದಿದರೆ, ತಪ್ಪು ನರ್ಸಿನದು ಅಂತಲೇ ಅಂದುಕೊಳ್ಳುತ್ತಾರೆ. ಕ್ಲಿನಿಕ್ಕಿನ ಮಾಲೀಕರಾದ ಡಾಕ್ಟರಿಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಕ್ಷಮೆ ಕೇಳಿಬಿಡೋಣ, ಆ ನಿಯಮ ಸಡಿಲ ಮಾಡೋಣ ಅಂದರು. ನಾನು ಒಪ್ಪಲಿಲ್ಲ. ಅವನ ದೂರಿಗೂ ಎಲ್ಲರಿಗೂ ಕೊಡುವ ಹಾಗೆ ಮರ್ಯಾದೆಯ ಉತ್ತರ ಕೊಟ್ಟೆ. ಕಾದದ್ದಕ್ಕೆ ಬೇಜಾರಾಗಿದ್ದರೆ ಅರ್ಥವಾಗುತ್ತದೆ, ಆದರೆ ಈ ನಿಯಮ ಎಲ್ಲ ರೋಗಿಗಳಿಗೂ ಒಂದೇ, ನರ್ಸ್ ನಿಯಮದಂತೆ ನಡೆದಿದ್ದಾರೆ ಅಂತ ಬರೆದೆ. ಒಳಗೆ ಏನು ಮಾತಾಯಿತು ಅನ್ನುವುದರ ಸುಳಿವೂ ಕೊಡಲಿಲ್ಲ. ಆ ಸುಳಿವು ಸಿಕ್ಕಿದ್ದರೆ ಪೆಟ್ಟು ತಿನ್ನುವವರು ಅಜ್ಜಿ.

ಅದಕ್ಕೇ ನನಗೆ ರೋಗಿಯ ರಕ್ಷಣೆ ಬೇರೆ, ದೂರು ನಿಭಾಯಿಸುವುದು ಬೇರೆ ಅಂತ ಎರಡು ವಿಭಾಗ ಮಾಡುವುದು ಸರಿ ಕಾಣುವುದಿಲ್ಲ. ಒಂದು ದೂರು ಬಂದಾಗ ‘ಇಲ್ಲಿ ಮಾತಾಡುತ್ತಿರುವವರು ಯಾರು, ಮಾತಾಡದೆ ಉಳಿದವರು ಯಾರು’ ಅಂತ ಮೊದಲು ನೋಡಬೇಕು.

ಮಕ್ಕಳ ವಿಷಯದಲ್ಲಿ ಇಷ್ಟೆಲ್ಲ ಯೋಚಿಸುತ್ತಾ ಕೂರುವ ಹಾಗಿಲ್ಲ. ಮಗು ಬೇಡ ಅಂದರೂ, ಅಪ್ಪ ಅಮ್ಮ ಬೇಡ ಅಂದರೂ, ಗಂಭೀರ ಅನುಮಾನ ಇದ್ದರೆ ಮಕ್ಕಳ ರಕ್ಷಣೆ ನೋಡಿಕೊಳ್ಳುವವರಿಗೆ ತಿಳಿಸಲೇಬೇಕು. ಹಲವು ದೇಶಗಳಲ್ಲಿ ಅದು ಕಾನೂನು ಕೂಡ. ಹೊಡೆತ ತಿಂದ ಮಕ್ಕಳ ಲಕ್ಷಣಗಳ ಬಗ್ಗೆ ಅಮೆರಿಕದ ಡಾಕ್ಟರ್ ಹೆನ್ರಿ ಕೆಂಪ್ ಮತ್ತು ಜೊತೆಗಾರರು 1962ರಲ್ಲಿ ಬರೆಯುವ ತನಕ ಎಷ್ಟೋ ಡಾಕ್ಟರುಗಳು ಮುರಿದ ಮೂಳೆ ಕೂಡಿಸಿ ಮನೆಗೆ ಕಳಿಸುತ್ತಿದ್ದರು, ಅಷ್ಟೇ. ಈಗ ಸರಳವಾದ ಗುರುತುಗಳು ಗೊತ್ತಿವೆ. ನಾಲ್ಕು ವರ್ಷದೊಳಗಿನ ಮಗುವಿನ ಹೊಟ್ಟೆ, ಎದೆ, ಬೆನ್ನು, ಕಿವಿ ಅಥವಾ ಕುತ್ತಿಗೆಯ ಮೇಲೆ ಕಂದಿದ ಗಾಯ ಇದ್ದರೆ ಜಾಗ್ರತೆ. ನಾಲ್ಕು ತಿಂಗಳು ತುಂಬದ ಕೂಸಿನ ಮೈಮೇಲೆ ಎಲ್ಲೇ ಕಂದಿದ್ದರೂ ಜಾಗ್ರತೆ. ಓಡಾಡುವ ಮಗು ಬಿದ್ದು ಮೊಣಕಾಲು ತರಚಿಕೊಳ್ಳುತ್ತದೆ. ಹೊರಳಲೂ ಬಾರದ ಕೂಸು ತಾನಾಗಿ ಏನು ಮಾಡಿಕೊಂಡೀತು? ಇಷ್ಟನ್ನು ನಮ್ಮ ರಿಸೆಪ್ಷನ್ನಿನವರಿಗೂ ಲಸಿಕೆ ಹಾಕುವವರಿಗೂ ಹೇಳಿಕೊಟ್ಟಿದ್ದೇವೆ. ಡಾಕ್ಟರ ಹತ್ತಿರ ಕೂರುವುದಕ್ಕಿಂತ ಜಾಸ್ತಿ ಹೊತ್ತು ಮಗು ಕೂರುವುದು ಅವರ ಎದುರಿಗೆ ಅಲ್ವಾ.

ಭಾಷೆಯ ವಿಷಯವೂ ಇದೇ. ಗಂಡನನ್ನೋ ಮಗನನ್ನೋ ಕೂರಿಸಿಕೊಂಡು ‘ನೀವೇ ಕೇಳಿ ಹೇಳಿ’ ಅನ್ನುವುದು ಸುಲಭ. ಆದರೆ ಆ ಹೆಂಗಸು ಹೇಳಿದ್ದು ಒಂದು, ನಮಗೆ ತಲುಪಿದ್ದು ಇನ್ನೊಂದು ಆದರೆ? ಮಕ್ಕಳನ್ನಂತೂ ಅಮ್ಮನ ಕಾಯಿಲೆಯ ಮಾತಿಗೆ ಮಧ್ಯಸ್ಥ ಮಾಡಲೇಬಾರದು. ಹೊರಗಿನ ದುಭಾಷಿ ಬೇಕು. ಎದುರಿಗೆ ಸಿಗದಿದ್ದರೆ ಫೋನಿನಲ್ಲಾದರೂ ಸರಿ.

ರೋಗಿಗೆ ತೊಂದರೆ ಸದಾ ಮನೆಯಿಂದಲೇ ಬರಬೇಕು ಅಂತೇನೂ ಇಲ್ಲ. ನಮ್ಮ ಒಳಗಿನಿಂದಲೂ ಬರುತ್ತದೆ. ಇದನ್ನು ಒಪ್ಪಿಕೊಳ್ಳುವುದು ಕ್ಲಿನಿಕ್ಕುಗಳಿಗೆ ಕಷ್ಟ. ಇಂಗ್ಲೆಂಡಿನ ಕೆಂಟ್ ಪ್ರದೇಶದಲ್ಲಿ ಕ್ಲಿಫರ್ಡ್ ಐಲಿಂಗ್ ಅನ್ನುವ ಡಾಕ್ಟರು ಹೆಂಗಸರ ಮೇಲೆ ಅಸಭ್ಯವಾಗಿ ವರ್ತಿಸಿದ್ದಕ್ಕೆ 2000ದಲ್ಲಿ ಶಿಕ್ಷೆಯಾಯಿತು. ವರ್ಷಾನುಗಟ್ಟಲೆ ದೂರುಗಳಿದ್ದವು. ಯಾರೂ ಅವನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. 2004ರಲ್ಲಿ ಬಂದ ವಿಚಾರಣಾ ವರದಿ ಒಂದು ಮುಖ್ಯ ಮಾತು ಹೇಳಿತು. ಪರೀಕ್ಷೆಯ ಹೊತ್ತಿಗೆ ಜೊತೆಗೆ ನಿಲ್ಲುವವರು ತರಬೇತಿ ಪಡೆದ ಸಿಬ್ಬಂದಿ ಆಗಿರಬೇಕು, ಮನೆಯವರನ್ನೋ ಗೆಳತಿಯನ್ನೋ ಆ ಕೆಲಸಕ್ಕೆ ನಿಲ್ಲಿಸಬಾರದು ಅಂತ.

ಯಾಕೆ ಅಂದರೆ ಮನೆಯವರಿಗೆ ಯಾವುದು ಸರಿಯಾದ ಪರೀಕ್ಷೆ, ಯಾವುದು ಅಲ್ಲ ಅಂತ ಗೊತ್ತಿರುವುದಿಲ್ಲ. ಅಮೆರಿಕದ ಜಿಮ್ನಾಸ್ಟಿಕ್ಸ್ ಹುಡುಗಿಯರ ಡಾಕ್ಟರ್ ಲ್ಯಾರಿ ನಾಸರ್ ಎಷ್ಟೋ ಸಲ ಅಮ್ಮಂದಿರು ಅದೇ ಕೋಣೆಯಲ್ಲಿ ಇದ್ದಾಗಲೇ ದೌರ್ಜನ್ಯ ಎಸಗಿದ. ಅವರಿಗೆ ಕಾಣದ ಹಾಗೆ ಅಡ್ಡ ನಿಲ್ಲುತ್ತಿದ್ದ. 2014ರಲ್ಲಿ ಒಬ್ಬಳು ದೂರು ಕೊಟ್ಟಾಗ ಅವನು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯ ವಿಚಾರಣೆ ಮಾಡಿ, ಅದು ಚಿಕಿತ್ಸೆಯೇ ಅಂತ ಅವನನ್ನು ಬಿಟ್ಟಿತು. 2016ರಲ್ಲಿ, ಅವನಿಂದ ದೌರ್ಜನ್ಯಕ್ಕೆ ಒಳಗಾಗಿದ್ದ ರೇಚಲ್ ಡೆನ್‌ಹಾಲಂಡರ್ ತನ್ನ ಹೆಸರು ಹೇಳಿಕೊಂಡು ಪತ್ರಿಕೆಯ ಮುಂದೆ ಬಂದ ಮೇಲೆ ಉಳಿದವರಿಗೂ ಧೈರ್ಯ ಬಂತು. ಆ 2014ರ ದೂರನ್ನು ಸರಿಯಾಗಿ ಕೇಳಿದ್ದರೆ ಎಷ್ಟು ಹುಡುಗಿಯರು ಉಳಿಯುತ್ತಿದ್ದರು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಜೊತೆಗಿರುವ ನರ್ಸ್ ಅಂದರೆ ಮೂಲೆಯಲ್ಲಿ ಬೆನ್ನು ಮಾಡಿ ಕಂಪ್ಯೂಟರಿನಲ್ಲಿ ಟೈಪ್ ಮಾಡುವವರಲ್ಲ. ಪರದೆಯ ಒಳಗೆ, ಕಣ್ಣಿಗೆ ಕಾಣುವ ಕಡೆ ನಿಲ್ಲಬೇಕು. ಪರೀಕ್ಷೆ ಏನು ಅಂತ ಅವರಿಗೆ ಗೊತ್ತಿರಬೇಕು. ‘ಡಾಕ್ಟ್ರೇ, ನಿಲ್ಲಿಸಿ’ ಅನ್ನುವ ಅಧಿಕಾರ ಅವರಿಗೆ ಇರಬೇಕು. ಹಾಗೆ ಅಂದದ್ದಕ್ಕೆ ಕೆಲಸ ಹೋಗುವುದಿಲ್ಲ ಅನ್ನುವ ನಂಬಿಕೆಯೂ ಇರಬೇಕು. ರೋಗಿಗೆ ಯಾರೂ ಬೇಡ ಅನ್ನಿಸಿದರೆ ಅದನ್ನೂ ಬರೆದಿಡಬೇಕು.

ಖಾಸಗಿ ಆಸ್ಪತ್ರೆಯ ವಿಷಯ ಬಂದಾಗ ನಾನು ಎರಡು ಪ್ರಕರಣಗಳನ್ನು ಮತ್ತೆ ಮತ್ತೆ ಹೇಳುತ್ತೇನೆ. ಒಂದು, ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ. ಬೌದ್ಧಿಕ ತೊಂದರೆ ಇರುವವರನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಆಸ್ಪತ್ರೆ. ಅಲ್ಲಿದ್ದವರನ್ನು ಸಿಬ್ಬಂದಿಯೇ ಹೊಡೆಯುತ್ತಿದ್ದದ್ದು, ನೆಲಕ್ಕೆ ಅದುಮುತ್ತಿದ್ದದ್ದು, ಹಂಗಿಸುತ್ತಿದ್ದದ್ದು 2011ರ ಮೇ ತಿಂಗಳಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾದಿಂದ ಹೊರಬಂತು. ಅದಕ್ಕೂ ಮೊದಲೇ ಟೆರ್ರಿ ಬ್ರಯಾನ್ ಅನ್ನುವ ಹಿರಿಯ ನರ್ಸ್ ಆಡಳಿತಕ್ಕೂ ಸರ್ಕಾರದ ನಿಯಂತ್ರಣ ಸಂಸ್ಥೆಗೂ ಬರೆದಿದ್ದರು. ಯಾರೂ ಕಿವಿಗೊಡಲಿಲ್ಲ. ಕೊನೆಗೆ 11 ಜನರಿಗೆ ಶಿಕ್ಷೆಯಾಯಿತು. ಒಬ್ಬೊಬ್ಬ ರೋಗಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಸಂದಾಯವಾಗುತ್ತಿತ್ತು. ಕೊಡುತ್ತಿದ್ದದ್ದು ಸರ್ಕಾರಿ ಸಂಸ್ಥೆಗಳು. ಒಳಗಿದ್ದವರನ್ನು ‘ಹೇಗಿದ್ದೀರಿ’ ಅಂತ ಕೇಳಿದವರಿಲ್ಲ.

ಇನ್ನೊಂದು, ಇಂಗ್ಲೆಂಡಿನದೇ ಇಯಾನ್ ಪ್ಯಾಟರ್ಸನ್ ಪ್ರಕರಣ. ಸ್ತನ ಕ್ಯಾನ್ಸರಿನ ಸರ್ಜನ್. ಸರ್ಕಾರಿ ಆಸ್ಪತ್ರೆಯಲ್ಲೂ ಖಾಸಗಿಯಲ್ಲೂ ಕೆಲಸ ಮಾಡುತ್ತಿದ್ದ. ಖಾಸಗಿಯಲ್ಲಿ ಕ್ಯಾನ್ಸರ್ ಇಲ್ಲದವರಿಗೂ ಹೆದರಿಸಿ ಆಪರೇಷನ್ ಮಾಡಿದ. ಸಹೋದ್ಯೋಗಿಗಳು 2003ರಲ್ಲೇ ಅವನ ಕೆಲಸದ ಬಗ್ಗೆ ಆತಂಕ ಹೇಳಿಕೊಂಡಿದ್ದರು. ಅವನನ್ನು ಅಮಾನತು ಮಾಡಿದ್ದು 2011ರಲ್ಲಿ. 2017ರಲ್ಲಿ 15 ವರ್ಷ ಜೈಲು ಶಿಕ್ಷೆಯಾಯಿತು, ಮೇಲಿನ ಕೋರ್ಟು ಅದನ್ನು 20 ವರ್ಷಕ್ಕೆ ಏರಿಸಿತು. ಬಿಷಪ್ ಗ್ರಹಾಂ ಜೇಮ್ಸ್ ನೇತೃತ್ವದ ವಿಚಾರಣೆಯ ವರದಿ 2020ರ ಫೆಬ್ರವರಿಯಲ್ಲಿ ಬಂತು. ಅದರ ಸಲಹೆಗಳಲ್ಲಿ ಎರಡು ನನಗೆ ತುಂಬಾ ಹಿಡಿಸಿದವು. ಡಾಕ್ಟರು ಪತ್ರ ಬರೆಯುವಾಗ ಅದನ್ನು ರೋಗಿಗೇ, ಸುಲಭದ ಮಾತಿನಲ್ಲಿ ಬರೆಯಬೇಕು, ಇನ್ನೊಬ್ಬ ಡಾಕ್ಟರಿಗೆ ಅದರ ಪ್ರತಿ ಹೋಗಲಿ ಅನ್ನುವುದು ಒಂದು. ಖಾಸಗಿ ರೋಗಿಯ ದೂರು ಕ್ಲಿನಿಕ್ಕಿನಲ್ಲಿ ಬಗೆಹರಿಯದಿದ್ದರೆ ಸ್ವತಂತ್ರವಾದ ಹೊರಗಿನವರ ಮುಂದೆ ಹೋಗುವ ಹಕ್ಕು ಕಡ್ಡಾಯವಾಗಿ ಇರಬೇಕು ಅನ್ನುವುದು ಇನ್ನೊಂದು.

ತುಂಬಾ ರೋಗಿಗಳನ್ನು ಎಳೆಯುವ ಡಾಕ್ಟರ ಮೇಲೆ ದೂರು ಬಂದಾಗ ಕ್ಲಿನಿಕ್ಕಿನ ಗಂಟಲು ಕಟ್ಟುತ್ತದೆ. ಆದಾಯ ತರುವವರು ಅವರು. ಇದನ್ನು ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ, ‘ಅವರು ಹಾಗೆ ಮಾಡುವವರಲ್ಲ’ ಅಂತ ಮಾತ್ರ ಹೇಳುತ್ತಾರೆ. ಅದಕ್ಕೆ ದೂರು ಯಾರ ಮೇಲೆ ಇದೆಯೋ ಅವರ ಕೈಗೆ, ಅವರಿಂದ ಲಾಭ ಪಡೆಯುವವರ ಕೈಗೆ ವಿಚಾರಣೆ ಹೋಗಬಾರದು.

ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅಲ್ಲಿನ ಡಾಕ್ಟರುಗಳಲ್ಲಿ ಬರೀ 3 ಶೇಕಡಾ ಜನರ ಮೇಲೆ ಒಟ್ಟು ದೂರುಗಳಲ್ಲಿ 49 ಶೇಕಡಾ ಬಂದಿದ್ದವು. ಈ ಒಂದು ಮಾತು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ನಾನು ಈಗ ದೂರುಗಳನ್ನು ತಾರೀಕಿನ ಪ್ರಕಾರ ಮಾತ್ರ ಅಲ್ಲ, ಸಿಬ್ಬಂದಿಯ ಹೆಸರಿನ ಪ್ರಕಾರವೂ ಇಡುತ್ತೇನೆ. ‘ಇದೇನು ದೊಡ್ಡದಲ್ಲ, ಸುಮ್ನೆ ಹೇಳಿದೆ’ ಅನ್ನುವವರ ಮಾತನ್ನೂ ಬರೆದುಕೊಳ್ಳುತ್ತೇನೆ. ಸ್ಕ್ಯಾನಿಂಗ್ ಮಾಡುವ ಒಬ್ಬರ ಬಗ್ಗೆ ಒಬ್ಬರು ‘ಪರದೆ ಎಳೆಯಲೇ ಇಲ್ಲ’ ಅಂದಿದ್ದರು. ಬಹಳ ದಿನ ಬಿಟ್ಟು ಇನ್ನೊಬ್ಬರು ‘ಅಷ್ಟೆಲ್ಲ ಬಟ್ಟೆ ತೆಗೆಯಬೇಕಿತ್ತಾ?’ ಅಂತ ಕೇಳಿದರು. ಮತ್ತೊಬ್ಬರು ಕಾರಣ ಹೇಳದೆ ‘ಮುಂದಿನ ಸಲ ಬೇರೆಯವರನ್ನು ಹಾಕಿ’ ಅಂದರು. ಬೇರೆ ಬೇರೆ ಕಿವಿಗೆ ಬಿದ್ದಿದ್ದರೆ ಮೂರೂ ಗಾಳಿಗೆ ಹೋಗುತ್ತಿದ್ದವು. ಒಂದೇ ಪುಟದಲ್ಲಿ ಬಂದಾಗ ವಿಚಾರಣೆ ಶುರು ಮಾಡಿದೆವು. ಅದು ಮುಗಿಯುವ ತನಕ ಆ ಕೋಣೆಯಲ್ಲಿ ಅವರು ಒಬ್ಬರೇ ಇರುವಂತಿಲ್ಲ ಅಂತ ಮಾಡಿದೆವು. ಅವರ ಮಾತನ್ನೂ ಪೂರ್ತಿ ಕೇಳಿದೆವು. ಅವರ ಹೆಸರು ಕ್ಯಾಂಟೀನಿನ ಮಾತಾಗದಂತೆ ನೋಡಿಕೊಂಡೆವು. ದೂರು ಬಂದ ಸಿಬ್ಬಂದಿಗೂ ನ್ಯಾಯ ಸಿಗಬೇಕು, ಇಲ್ಲದಿದ್ದರೆ ಎಲ್ಲರೂ ಒಬ್ಬರನ್ನೊಬ್ಬರು ಮುಚ್ಚಿಹಾಕಲು ಕಲಿಯುತ್ತಾರೆ.

ದೂರು ಲಿಖಿತವಾಗಿಯೇ ಕೊಡಿ ಅನ್ನುವ ಹಟ ಹಲವು ಕಡೆ ಇದೆ. ನನಗೆ ಅದು ಒಂಚೂರೂ ಇಷ್ಟವಿಲ್ಲ. ಬರೆಯಲು ಬಾರದವರು, ಕೈ ನಡುಗುವವರು, ಹೆದರುವವರು ಏನು ಮಾಡಬೇಕು? ಈ ವಿಷಯದಲ್ಲಿ ನ್ಯೂಜಿಲೆಂಡ್ ಮಾದರಿ. ಅಲ್ಲಿ 1988ರ ಕಾರ್ಟ್‌ರೈಟ್ ವಿಚಾರಣೆಯಲ್ಲಿ, ಆಸ್ಪತ್ರೆಯೊಂದರಲ್ಲಿ ಹೆಂಗಸರಿಗೆ ಅವರ ಅರಿವಿಲ್ಲದೆಯೇ ಸರಿಯಾದ ಚಿಕಿತ್ಸೆ ತಪ್ಪಿದ್ದು ಬಯಲಾಯಿತು. ಅದರ ಫಲವಾಗಿ 1996ರಲ್ಲಿ ರೋಗಿಗಳ ಹಕ್ಕಿನ ಸಂಹಿತೆ ಜಾರಿಗೆ ಬಂತು. ಅದರಲ್ಲಿ ಹತ್ತು ಹಕ್ಕುಗಳು. ಹತ್ತನೆಯದೇ ದೂರು ಕೊಡುವ ಹಕ್ಕು. ತಮಗೆ ಹೇಗೆ ಸರಿಯೋ ಹಾಗೆ ದೂರು ಕೊಡಬಹುದು. ದೂರು ಮುಟ್ಟಿದೆ ಅಂತ 5 ಕೆಲಸದ ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಬರವಣಿಗೆಯ ಹೊರೆ ಕ್ಲಿನಿಕ್ಕಿನ ಮೇಲೆ, ರೋಗಿಯ ಮೇಲಲ್ಲ. ಸರ್ಕಾರಿ, ಖಾಸಗಿ ಅನ್ನುವ ಭೇದ ಇಲ್ಲ. ನಾವೂ ಈಗ ಬಾಯಿಮಾತಿನ ದೂರನ್ನು ನಾವೇ ಬರೆದು, ಓದಿ ಹೇಳಿ, ‘ಇದೇ ತಾನೇ ನೀವು ಹೇಳಿದ್ದು?’ ಅಂತ ಕೇಳಿ ಒಂದು ಪ್ರತಿ ಕೈಗೆ ಕೊಡುತ್ತೇವೆ.

ಉತ್ತರ ಬರೆಯುವುದೇ ದೊಡ್ಡ ಕೆಲಸ. 1994ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವಿನ್ಸೆಂಟ್ ಮತ್ತು ಜೊತೆಗಾರರು, ಡಾಕ್ಟರ ಮೇಲೆ ಕೇಸು ಹಾಕಿದವರನ್ನು ‘ಯಾಕೆ ಹಾಕಿದಿರಿ’ ಅಂತ ಕೇಳಿದರು. ಪರಿಹಾರದ ಹಣ ಅನ್ನುವುದು ಕಾರಣಗಳಲ್ಲಿ ಒಂದು ಮಾತ್ರ. ಏನಾಯಿತು ಅಂತ ವಿವರಿಸಿ, ಇನ್ನೊಬ್ಬರಿಗೆ ಹೀಗಾಗದಂತೆ ಮಾಡಿ, ಹೊಣೆ ಹೊರಿ ಅನ್ನುವುದೂ ಅಷ್ಟೇ ಬಲವಾಗಿತ್ತು. ನನ್ನ ಕೋಣೆಯಲ್ಲೂ ನಾನು ಕೇಳುವುದು ಇದನ್ನೇ. ‘ಇನ್ನೊಬ್ಬರಿಗೆ ಹೀಗಾಗಬಾರದು ಮೇಡಂ’ ಅನ್ನುತ್ತಾರೆ. ಅವರಿಗೆ ‘ನಿಮಗೆ ಹಾಗೆ ಅನ್ನಿಸಿದ್ದರೆ ವಿಷಾದಿಸುತ್ತೇವೆ’ ಅಂತ ಬರೆದು ಕಳಿಸುವುದು ಇನ್ನೊಂದು ಏಟು. ಏನು ತಪ್ಪಾಯಿತು, ಯಾಕಾಯಿತು, ಇವತ್ತಿನಿಂದ ಏನು ಬದಲಾಗಿದೆ ಅಂತ ಬರೆಯಬೇಕು. ತಪ್ಪಾಗಿಲ್ಲ ಅನ್ನಿಸಿದರೆ ಅದನ್ನೂ ಕಾರಣ ಸಮೇತ ನೇರವಾಗಿ ಹೇಳಬೇಕು. ಕೆಲವು ಕಡೆ ಬಿಲ್ಲಿನ ಹಣ ವಾಪಸ್ ಕೊಟ್ಟು ‘ಎಲ್ಲೂ ಹೇಳಬಾರದು’ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ಹಣ ವಾಪಸ್ ಕೊಡುವುದು ಸರಿ. ಬಾಯಿ ಮುಚ್ಚಿಸುವುದು ಸರಿಯಲ್ಲ. ಹಾಗೆ ಮುಚ್ಚಿದ ಒಂದು ಬಾಯಿಯಿಂದ ಮುಂದಿನ ರೋಗಿಗೆ ಸಿಗಬೇಕಿದ್ದ ಎಚ್ಚರಿಕೆ ತಪ್ಪಿಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಬಾಕಿ ಇದೆ. ನಮ್ಮಲ್ಲಿ ನೆಲ ಒರೆಸುವವರು, ಆಯಾಗಳು, ವೀಲ್‌ಚೇರ್ ತಳ್ಳುವವರು ನೋಡುವಷ್ಟನ್ನು ನಾನಾಗಲಿ ಡಾಕ್ಟರಾಗಲಿ ನೋಡುವುದಿಲ್ಲ. ಅವರ ಎದುರಿಗೆ ಯಾರೂ ಸೋಗು ಹಾಕುವುದಿಲ್ಲ. ಕಾರಿಡಾರಿನಲ್ಲಿ ಮಗ ಅಪ್ಪನಿಗೆ ಗದರಿಸಿದ್ದು, ಬಾತ್‌ರೂಮಿನಲ್ಲಿ ಹೆಂಗಸು ಅತ್ತದ್ದು ಅವರಿಗೆ ಗೊತ್ತು. ಹಿಂದೆ ಅವರನ್ನು ತರಬೇತಿಗೆ ಕರೆಯುತ್ತಿರಲಿಲ್ಲ. ಈಗ ಮೊದಲು ಅವರನ್ನೇ ಕರೆಯುತ್ತೇವೆ. ‘ನಮಗ್ಯಾಕೆ ಮೇಡಂ ಇದೆಲ್ಲ?’ ಅಂತ ಹಿಂದೇಟು ಹಾಕಿದ ಒಬ್ಬ ಆಯಾ, ಈಗ ವಾರಕ್ಕೊಮ್ಮೆಯಾದರೂ ನನ್ನ ಕೋಣೆಗೆ ಬಂದು ಏನಾದರೂ ಹೇಳುತ್ತಾರೆ. ಎಷ್ಟೋ ಸಲ ಅದು ಏನೂ ಅಲ್ಲದ ವಿಷಯ ಆಗಿರುತ್ತದೆ. ಆಗಲೂ ‘ಬಂದದ್ದು ಒಳ್ಳೆಯದಾಯಿತು’ ಅಂತಲೇ ಹೇಳುತ್ತೇನೆ.

ನಮ್ಮಲ್ಲಿ ಇನ್ನೂ ಆಗದೆ ಉಳಿದಿರುವುದು ಹೊರಗಿನ ವ್ಯವಸ್ಥೆ. ನನ್ನ ಉತ್ತರ ಒಪ್ಪದ ರೋಗಿ ಮುಂದೆ ಹೋಗುವುದು ಮಾಲೀಕರ ಹತ್ತಿರವೇ. ನನಗೆ ಸಂಬಳ ಕೊಡುವವರೂ ಅವರೇ. ಎಷ್ಟೇ ಒಳ್ಳೆಯವರಾದರೂ ಇದು ಸರಿಯಾದ ವ್ಯವಸ್ಥೆ ಅಲ್ಲ. ಕ್ಲಿನಿಕ್ಕಿಗೆ ಸಂಬಂಧವೇ ಇಲ್ಲದ ಒಬ್ಬ ಡಾಕ್ಟರು, ಒಬ್ಬ ವಕೀಲರು, ರೋಗಿಗಳ ಕಡೆಯಿಂದ ಒಬ್ಬರು ಕೂತು ಅಂಥ ದೂರು ಕೇಳಬೇಕು ಅಂತ ಬರೆದುಕೊಟ್ಟಿದ್ದೇನೆ. ‘ಖರ್ಚು, ಮೇಲಾಗಿ ಹೆಸರು ಹಾಳಾಗುತ್ತೆ’ ಅನ್ನುವ ಉತ್ತರ ಬಂದಿದೆ. ಪ್ಯಾಟರ್ಸನ್ ವರದಿಯ ಆ ಭಾಗವನ್ನು ಪೂರ್ತಿ ಅನುವಾದ ಮಾಡಿ, ಮುಂದಿನ ಸಭೆಗೆ ಮತ್ತೆ ಇಡುತ್ತಿದ್ದೇನೆ. ಈ ಸಲ ಅಜ್ಜಿಯ ತೋಳಿನ ಗುರುತು ಗಮನಿಸಿದ ಆ ನರ್ಸ್ ಕೂಡ ಸಭೆಯಲ್ಲಿ ಇರುತ್ತಾರೆ.